ದೊಡ್ಡಪ್ಪನ ಬುಲೆಟ್ಟಿನ ಮೂರನೇ ಗೇರ್ ಚಡಾವಿನಲ್ಲಿ ಹಾರ್ತದೆ: ಬಿಚ್ಚುವುದೋ, ಐದು ಗೇರಿನ ಪೆಟ್ಟಿಗೆ ಕೂರಿಸುವುದೋ?

ಪೆರ್ಲ ತಿರುವು
ಎಲ್ಲರಿಗೂ ನಮಸ್ಕಾರ. ದೊಡ್ಡಪ್ಪನ 1974ರ ಬುಲೆಟ್ 350 ಈಗ ನನ್ನ ಕೈಗೆ ಬಂದಿದೆ. ಕೆಎಲ್‌ಸಿ ಅನ್ನುವ ಹಳೇ ಕೇರಳ ನಂಬರು, ನಾಲ್ಕು ಗೇರು, ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಎಂಟು ವರ್ಷ ಹಟ್ಟಿಯ ಪಕ್ಕ ಅಡಕೆ ಗೋಣಿಗಳ ಮಧ್ಯೆ ನಿಂತಿತ್ತು. ಕಾರ್ಬ್ಯುರೇಟರ್ ತೊಳೆದು, ಪಾಯಿಂಟು ಉಜ್ಜಿ, ಹೊಸ ಪ್ಲಗ್ ಹಾಕಿದ್ದೇ ತಡ, ಹನ್ನೊಂದನೇ ಕಿಕ್ಕಿಗೆ ಇಂಜಿನ್ ಹಿಡಿಯಿತು. ಅಷ್ಟಕ್ಕೇ ದೊಡ್ಡಪ್ಪ ಜಗಲಿಯಿಂದ ಎದ್ದು ಬಂದರು, ಮಂಡಿನೋವೆಲ್ಲ ಎಲ್ಲಿ ಹೋಯಿತೋ.

ತೊಂದರೆ ಇರುವುದು ಗೇರ್‌ಬಾಕ್ಸಿನಲ್ಲಿ. ಸಮತಟ್ಟಿನಲ್ಲಿ ಸರಿ. ಪೆರ್ಲದಿಂದ ಬದಿಯಡ್ಕದ ಕಡೆ ಬರುವಾಗ ಚಡಾವಿನಲ್ಲಿ ಮೂರಕ್ಕೆ ಹಾಕಿ ಸ್ವಲ್ಪ ಎಳೆದರೆ ಸಾಕು, ಟಕ್ ಅಂತ ಹಾರಿ ನ್ಯೂಟ್ರಲ್ಲಿಗೆ ಬಂದು ಇಂಜಿನ್ ಬೊಬ್ಬೆ ಹಾಕ್ತದೆ. ಎರಡರಿಂದ ಮೂರಕ್ಕೆ ಹೋಗುವಾಗಲೂ ಕೆಲವು ಸಲ ಮಧ್ಯದಲ್ಲೇ ಸಿಕ್ಕಿಬೀಳ್ತದೆ. ಪೇಟೆಯ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದೆ. ಅವರು ಬಿಚ್ಚದೆ, ನೋಡದೆ, "ಇದು ಮುಗಿಯಿತು, ಐದು ಗೇರಿನದ್ದು ಕೂರಿಸುವ, ಎಡಗಾಲಿಗೆ ಮಾಡಿಕೊಡುವ" ಅಂದರು. ದೊಡ್ಡಪ್ಪನಿಗೆ ಹೇಳಿದರೆ ಅವರು ಎರಡು ದಿನ ನನ್ನೊಟ್ಟಿಗೆ ಮಾತಾಡಲಿಲ್ಲ. ಏನು ಮಾಡ್ಲಿ?

ಘಾಟಿ ಸವಾರ
ಐದು ಗೇರ್ ಹಾಕಿ, ನಿಶ್ಚಿಂತೆಯಿಂದ ಓಡಿಸಿ. ನಾನು ನನ್ನ ಹಳೇ ಬುಲೆಟ್ಟಿಗೆ ಹಾಕಿ ನಾಲ್ಕು ವರ್ಷ ಆಯಿತು. ಸುಳ್ಯ, ಮಡಿಕೇರಿ, ಮೈಸೂರು ಎಲ್ಲ ಹೋಗಿ ಬಂದೆ. ಬೆಣ್ಣೆಯ ಹಾಗೆ ಬೀಳ್ತದೆ. ಭಾವನೆಗೆ ಬೆಲೆ ಉಂಟು, ಒಪ್ಪಿದೆ. ಆದರೆ ಚಡಾವಿನಲ್ಲಿ ಹಿಂದೆ ಟಿಪ್ಪರ್ ಬರುವಾಗ ಗೇರ್ ಹಾರಿದರೆ ಭಾವನೆ ಬಂದು ದೂಡುದಿಲ್ಲ.

ಲೇತ್ ಮನೆ
ಒಂದು ನಿಮಿಷ. ಬಿಚ್ಚದೆ "ಮುಗಿಯಿತು" ಹೇಳುವವರಿಗೆ ಗೇರ್‌ಬಾಕ್ಸ್ ಗೊತ್ತಿಲ್ಲ, ಐದು ಗೇರಿನ ಸೆಟ್ಟಿನಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದು ಮಾತ್ರ ಗೊತ್ತು. ತಮ್ಮಾ, ಮೊದಲು ಇದಕ್ಕೆ ಉತ್ತರ ಹೇಳು.

ನಾಲ್ಕನೇ ಗೇರಿನಲ್ಲಿ ಶಬ್ದ ಉಂಟಾ? ಒಂದು, ಎರಡು, ಮೂರರಲ್ಲಿ ಗುಂಯ್ ಅಂದು ನಾಲ್ಕರಲ್ಲಿ ಸುಮ್ಮನಾಗ್ತದಾ? ಮೂರು ಹಾರುವುದು ಎಕ್ಸಿಲೇಟರ್ ಕೊಡುವಾಗಲಾ, ಬಿಡುವಾಗಲಾ? ನ್ಯೂಟ್ರಲ್ ಹುಡುಕುವ ಸಣ್ಣ ಲಿವರ್ ಕೆಲಸ ಮಾಡ್ತದಾ? ಒಳಗೆ ಎಂಥ ಹಾಕಿದ್ದೀರಿ, ಗ್ರೀಸಾ, ಎಣ್ಣೆಯಾ?

ಪೆರ್ಲ ತಿರುವು
@ಲೇತ್ ಮನೆ ಅಣ್ಣಾ, ನಾಲ್ಕರಲ್ಲಿ ಶಬ್ದವೇ ಇಲ್ಲ. ಮೂರರಲ್ಲಿ ಸ್ವಲ್ಪ ಗುಂಯ್ ಅನ್ತದೆ, ಎರಡರಲ್ಲಿ ಇನ್ನೂ ಜಾಸ್ತಿ. ಹಾರುವುದು ಎಕ್ಸಿಲೇಟರ್ ಕೊಡುವಾಗ ಮಾತ್ರ. ಹಿಮ್ಮಡಿಯಲ್ಲಿ ಒತ್ತುವ ಲಿವರ್ ಚೆನ್ನಾಗಿಯೇ ಉಂಟು, ಯಾವ ಗೇರಿನಿಂದ ಒತ್ತಿದರೂ ನ್ಯೂಟ್ರಲ್ಲಿಗೆ ಬರ್ತದೆ. ಒಳಗೆ ಎಂಥ ಉಂಟು ಗೊತ್ತಿಲ್ಲ, ಅಡಿಯಲ್ಲಿ ಮಾತ್ರ ಕಪ್ಪು ಜಿಡ್ಡು ಇಳೀತಾ ಉಂಟು.

ಮುಳ್ಳೇರಿಯ ಮೇಷ್ಟ್ರು
ಒಂದು ಸಣ್ಣ ತಿದ್ದುಪಡಿ. "ಯಾವ ಗೇರಿನಿಂದಲೂ" ಅಲ್ಲ, ಎರಡು, ಮೂರು, ನಾಲ್ಕರಿಂದ. ಒಂದರಿಂದ ಅದು ಬರುದಿಲ್ಲ. ಒಂದನೇ ಗೇರು ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಆ ಲಿವರ್ ಒಂದೇ ದಿಕ್ಕಿಗೆ ಕೆಲಸ ಮಾಡುವುದು.

ಅಡಕೆ ಸಿಪ್ಪೆ
ಮೇಷ್ಟ್ರು ಬಂದ್ರು, ಇನ್ನು ಎಲ್ಲರೂ ಕಾಲು ಕೆಳಗೆ ಇಡಿ 😄

ಲೇತ್ ಮನೆ
ನಾಲ್ಕರಲ್ಲಿ ಶಬ್ದ ಇಲ್ಲದ್ದು ಒಳ್ಳೆಯ ಸುದ್ದಿ. ಇದು ಅಲ್ಬಿಯನ್ ಬಾಕ್ಸು, ಅಂದರೆ ಬ್ರಿಟನ್ನಿನ ಅಲ್ಬಿಯನ್ ಕಂಪನಿಯ ಮಾದರಿಯದ್ದು. ಕ್ಲಚ್ಚಿನಿಂದ ಶಕ್ತಿ ಒಳಗೆ ಹೋಗುವುದೂ ಎಡಬದಿಯಲ್ಲಿ, ಹಿಂದಿನ ಚೈನಿಗೆ ಹೊರಗೆ ಬರುವುದೂ ಎಡಬದಿಯಲ್ಲಿ. ನಾಲ್ಕನೇ ಗೇರಿನಲ್ಲಿ ಮೈನ್ ಶಾಫ್ಟೂ (ಕ್ಲಚ್ಚಿನಿಂದ ಬರುವ ಮುಖ್ಯ ದಂಡ) ಸ್ಲೀವ್ ಗೇರೂ (ಹಿಂದಿನ ಚೈನನ್ನು ತಿರುಗಿಸುವ ಗೇರು) ಒಂದಕ್ಕೊಂದು ಹಲ್ಲು ಕಚ್ಚಿ ಒಟ್ಟಿಗೆ ತಿರುಗುತ್ತವೆ, ನೇರ ಒಂದಕ್ಕೆ ಒಂದು. ಕೆಳಗಿನ ಲೇ ಶಾಫ್ಟ್, ಅಂದರೆ ಜೊತೆಯ ದಂಡ, ತಿರುಗುತ್ತಾ ಇದ್ದರೂ ಅದರ ಮೇಲೆ ಭಾರ ಇಲ್ಲ. ಒಂದು, ಎರಡು, ಮೂರರಲ್ಲಿ ಭಾರ ಲೇ ಶಾಫ್ಟಿನ ಮೂಲಕ ಸುತ್ತಿ ಬರಬೇಕು. ಹಾಗಾಗಿ ಮೂರರವರೆಗೆ ಗುಂಯ್ ಅಂದು ನಾಲ್ಕರಲ್ಲಿ ಸುಮ್ಮನಾದರೆ ಸಂಶಯ ಲೇ ಶಾಫ್ಟಿನ ಬುಷ್ಷಿನ ಮೇಲೆ, ಅಂದರೆ ಅದು ತಿರುಗುವ ಕಂಚಿನ ಬಳೆಯ ಮೇಲೆ. ಮೈನ್ ಶಾಫ್ಟಿನ ದೊಡ್ಡ ಬೇರಿಂಗ್ ಹೋಗಿದ್ದರೆ ನಾಲ್ಕರಲ್ಲೂ ಅಳ್ತಿತ್ತು.

ಆದರೆ ಬುಷ್ ಆಮೇಲೆ. ಮೊದಲು ಒಂದು ಪೈಸೆ ಖರ್ಚಿಲ್ಲದ ಕೆಲಸ ಉಂಟು. ಗೇರ್ ಲಿವರ್ ತೆಗಿ, ಅದರ ಹಿಂದಿನ ಸಣ್ಣ ಮುಚ್ಚಳ ಬಿಚ್ಚು. ಒಳಗೆ ರಾಚೆಟ್ಟು (ಲಿವರ್ ಒತ್ತಿದ ಹಾಗೆ ಒಂದೊಂದೇ ಗೇರು ದಾಟಿಸುವ ಹಲ್ಲಿನ ತುಂಡು), ಅದರ ಹತ್ತಿರ ಎರಡು ಬೋಲ್ಟಿನಲ್ಲಿ ನಿಂತ ಒಂದು ಪ್ಲೇಟು. ಪ್ಲೇಟಿನ ತೂತು ದುಂಡಗಲ್ಲ, ಉದ್ದಕ್ಕೆ ಇರ್ತದೆ. ಅದನ್ನು ಆಚೆ ಈಚೆ ಸರಿಸಲಿಕ್ಕೆಂದೇ ಹಾಗೆ ಮಾಡಿದ್ದು. ಅದು ಜಾರಿದರೆ ಮೂರನೇ ಗೇರು ಅರ್ಧ ಮಾತ್ರ ಕಚ್ಚುತ್ತದೆ, ಎರಡು ಮೂರರ ಮಧ್ಯೆ ಸುಳ್ಳು ನ್ಯೂಟ್ರಲ್ ಸಿಗ್ತದೆ. ಲಿವರನ್ನು ಮೇಲಕ್ಕೆ ಎತ್ತಿದಾಗಲೂ ಕೆಳಕ್ಕೆ ಒತ್ತಿದಾಗಲೂ ರಾಚೆಟ್ಟಿನ ಹಲ್ಲು ಹಿಡಿಯುವ ಮೊದಲು ಒಂದೇ ಅಳತೆಯ ಖಾಲಿ ಚಲನೆ ಇರಬೇಕು. ಆ ಜಾಗಕ್ಕೆ ಪ್ಲೇಟ್ ತಂದು ಬೋಲ್ಟ್ ಬಿಗಿ ಮಾಡು. ಸ್ಪ್ರಿಂಗ್ ವೈಸರ್ ಹಾಕಲಿಕ್ಕೆ ಮರೀಬೇಡ.

ಘಾಟಿ ಸವಾರ
ಅಣ್ಣಾ, ಅಷ್ಟೆಲ್ಲ ಮಾಡಿ ಆಮೇಲೂ ಹಾರಿದರೆ?

ಲೇತ್ ಮನೆ
ಆಮೇಲೆ ಒಳಗೆ ಹೋಗುವುದು. ತಲೆನೋವಿಗೆ ತಲೆಯನ್ನೇ ಬದಲಿಸುವುದಾ?

ಸೊಲ್ಲಾಪುರ ಬಿಎಸ್‌ಎ
ಕಾಸರಗೋಡ ಮಂದಿ ಮಾತು ಓದಾಕ ಛಂದ ಐತ್ರಿ, "ಬೊಬ್ಬೆ ಹಾಕ್ತದೆ" ಅಂದ್ರ ನಮಗ ಸಿಡುಬು, ಅಮ್ಮ ಬಂದಂಗ ಕೇಳಸ್ತೈತಿ 😀 ಲೇತ್ ಅಣ್ಣಾರು ಹೇಳಿದ್ದು ಖರೆ. ಒಂದು ಮಾತು ಕೂಡಸ್ತೀನಿ: ಪಾನಾ (ಸ್ಪ್ಯಾನರ್) ಸರಿಯಾದದ್ದು ತಗೋರಿ. ನಮ್ಮ ಮನ್ಯಾಗ ಮುತ್ಯಾನ ಕಾಲದ ಬಿಎಸ್‌ಎ ಎಂ20 ಐತಿ, 496 ಸಿಸಿ, ಸೈಡ್ ವಾಲ್ವು, ಮಿಲಿಟರಿ ಡಿಸ್ಪೋಸಲ್ ಗಾಡಿ. ನಾ ಮೊದಲ ಸಲ ಬಿಚ್ಚುಮುಂದ ಮಿಲಿಮೀಟರ್ ಪಾನಾ ಹಚ್ಚಿ ನಾಲ್ಕು ನಟ್ ಮೂಲಿ ತಿಂದು ಗುಂಡಗ ಮಾಡಿದೆ. 13 ಹೋಗಂಗಿಲ್ಲ, 14 ಹಾಕಿದ್ರ ತಿರಗತೈತಿ. ಅದಕ್ಕ ಬೇಕಾದದ್ದು ವಿಟ್‌ವರ್ತ್ ಪಾನಾ. ಕಾಲು ಇಂಚಿನ ವಿಟ್‌ವರ್ತ್ ಪಾನಾದ ಬಾಯಿ ಕಾಲು ಇಂಚು ಇರಂಗಿಲ್ರಿ, 13.3 ಮಿಲಿಮೀಟರ್ ಇರತೈತಿ. ಮ್ಯಾಲೆ ಬರದ ಅಳತಿ ಬೋಲ್ಟಿನ ದಪ್ಪದ್ದು, ಬಾಯಿದಲ್ಲ.

ಮುಳ್ಳೇರಿಯ ಮೇಷ್ಟ್ರು
ಅದು ಜೋಸೆಫ್ ವಿಟ್‌ವರ್ತ್ 1841ರಲ್ಲಿ ಕೊಟ್ಟ ಅಳತೆ, ಮರೆಯ (ಬೋಲ್ಟಿನ ಸುರುಳಿ ಗೆರೆಯ) ಕೋನ 55 ಡಿಗ್ರಿ. ಬೈಕಿನಲ್ಲಿ ಇನ್ನೊಂದು ಜಾತಿಯೂ ಉಂಟು, ಸೈಕಲ್ ಮರೆ. ಅದು 60 ಡಿಗ್ರಿ, ಹೆಚ್ಚಿನವು ಇಂಚಿಗೆ 26 ಸುತ್ತು. ಎರಡೂ ನೋಡಲಿಕ್ಕೆ ಅಣ್ಣತಮ್ಮಂದಿರ ಹಾಗೆ. ಕೈಯಲ್ಲಿ ಎರಡು ಸುತ್ತು ಹೋಗ್ತದೆ, ಮೂರನೆಯದಕ್ಕೆ ಬಿಗಿಯಾಗ್ತದೆ. ಆಗ ಪಾನಾ ಹಾಕಿ ಒತ್ತಿದಿರೋ, ಕೇಸಿಂಗಿನ ಅಲ್ಯೂಮಿನಿಯಂ ಮರೆ ಪುಡಿ. ಕೈಯಲ್ಲಿ ಕೊನೆಯವರೆಗೆ ಹೋಗದ ಬೋಲ್ಟನ್ನು ಹಾಕಲೇಬಾರದು.

ನೀರ್ಚಾಲಿನ ಸೊಸೆ
ನಮ್ಮ ಮಾವನವರ ಬುಲೆಟ್ಟಿನಲ್ಲಿ ಹೀಗೇ ಯಾರೋ 8 ಮಿಲಿಮೀಟರ್ ಬೋಲ್ಟನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ್ದರು. ಸುತ್ತಿಗೆಯಲ್ಲಿ! ತೆಗೆಯುವಾಗ ಒಳಗಿನ ಮರೆ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಹೊರಗೆ ಬಂತು. ಅದನ್ನು ತೆಗೆದು ಇಟ್ಟಿದ್ದೇನೆ, ಯಾರಾದರೂ "ಹೆಂಗಸರಿಗೆ ಮಿಷನ್ ಗೊತ್ತಾಗುದಿಲ್ಲ" ಅಂದರೆ ತೋರಿಸಲಿಕ್ಕೆ.

ಅಡಕೆ ಸಿಪ್ಪೆ
ಅಕ್ಕಾ, ಕಿಕ್ ಹೊಡೆಯುವುದು ನೀವೇನಾ?

ನೀರ್ಚಾಲಿನ ಸೊಸೆ
ಮತ್ತೆ ಯಾರು? ಅದಕ್ಕೆ ಬಲ ಬೇಡ, ಕ್ರಮ ಬೇಕು. ಚಾವಿ ಹಾಕಿ, ನಿಧಾನ ಕಿಕ್ಕರ್ ಇಳಿಸುತ್ತಾ ಆಂಪಿಯರ್ ಮೀಟರಿನ ಮುಳ್ಳು ನೋಡುವುದು. ಮುಳ್ಳು ಮಧ್ಯಕ್ಕೆ ಬಂದು ನಿಂತ ಕೂಡಲೇ ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಹೊರಗೆ ಬಿಡುವ ಲಿವರ್) ಹಿಡಿದು ಒಂದು ಚೂರು ಮುಂದೆ ದಾಟಿಸುವುದು. ಆಮೇಲೆ ಕಿಕ್ಕರನ್ನು ಪೂರ್ತಿ ಮೇಲೆ ಬಿಟ್ಟು ಒಂದೇ ಸಲ ಇಡೀ ತುಳಿಯುವುದು. ಎಕ್ಸಿಲೇಟರ್ ಮುಟ್ಟಬಾರದು. ಮೊದಲ ವಾರ ಅರ್ಧಕ್ಕೆ ಕಾಲು ಎತ್ತಿ ಬ್ಯಾಕ್ ಹೊಡೆಸಿಕೊಂಡು ಪಾದ ಬಾತಿತ್ತು, ಅದನ್ನು ಮನೆಯಲ್ಲಿ ಹೇಳಲಿಲ್ಲ. ಜಗಲಿಯ ಮೆಟ್ಟಿಲು ಜಾರಿದ್ದು ಅಂದೆ.

ಪೆರ್ಲ ತಿರುವು
ಅಕ್ಕಾ, ಇದನ್ನು ಮೊದಲೇ ಹೇಳಿದ್ದರೆ ನನ್ನ ಹನ್ನೊಂದು ಕಿಕ್ಕಿನಲ್ಲಿ ಒಂಬತ್ತು ಉಳೀತಿತ್ತು.

ಹೊಸೂರು ಗುಜರಿ
ತಡವಾಗಿ ಬಂದೆ. ಘಾಟಿ ಸವಾರರೇ, ನಿಮ್ಮ ಐದು ಗೇರಿನ ಲೆಕ್ಕ ಪೂರ್ತಿ ಹೇಳಿ ಸಾರ್. ಅದು ಹಳೇ ಇಂಜಿನ್ನಿನ ಹಿಂದೆ ಕೂರುತ್ತೆ, ಇಲ್ಲ ಅನ್ನಲ್ಲ. ಆದರೆ ಬಾಕ್ಸ್ ಒಂದೇ ತಂದರೆ ಆಗಲ್ಲ. ಕ್ಲಚ್ಚಿನ ಸಾಮಾನು ನೋಡಬೇಕು, ಕೇಬಲ್ಲು ನೋಡಬೇಕು, ಎಡಗಾಲಿಗೆ ಬೇಕು ಅಂದರೆ ಬ್ರೇಕ್ ಪೆಡಲನ್ನ ಬಲಕ್ಕೆ ದಾಟಿಸಬೇಕು. ಹಿಮ್ಮಡಿ ನ್ಯೂಟ್ರಲ್ ಲಿವರ್ ಹೋಗೇ ಹೋಗುತ್ತೆ. ಸಿಗ್ನಲ್‌ನಲ್ಲಿ ಅದನ್ನ ಒಂದು ಸಲ ಒತ್ತಿ ನೋಡಿದವನು ಬಿಡಲ್ಲ. ನಾನು ಎರಡೂ ಇಟ್ಕೊಂಡಿದೀನಿ, ದೂರ ಹೋಗೋಕೆ ಐದು ಗೇರು ನಿಜವಾಗಲೂ ಆರಾಮ. ಆದರೆ ದೊಡ್ಡಪ್ಪನ ಗಾಡಿ ಅಂದ್ಮೇಲೆ ಅದು ಬೇರೆ ವಿಷಯ.

ಘಾಟಿ ಸವಾರ
ಬಲಗಾಲಿಗೇ ಇರುವ ಐದು ಗೇರ್ ಕೂಡ ಬಂದಿತ್ತು, ಹುಡುಕಿದರೆ ಸಿಗ್ತದೆ. ಎಲ್ಲರೂ ಸೇರಿ ನನ್ನನ್ನು ಕಳ್ಳನ ಹಾಗೆ ನೋಡಬೇಡಿ ಮಾರಾಯ್ರೆ. ನಾನು ಹೇಳಿದ್ದು ಓಡಿಸುವ ಗಾಡಿಯ ವಿಷಯ, ಮ್ಯೂಸಿಯಂನದ್ದಲ್ಲ.

ಮುಳ್ಳೇರಿಯ ಮೇಷ್ಟ್ರು
ಕಾನೂನಿನ ಕಡೆಯಿಂದ ಒಂದು ಮಾತು. 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಮುಂದೆ ನವೀಕರಣಕ್ಕೆ 5,000. ನಂಬರಿನಲ್ಲಿ ವಿಎ ಅಕ್ಷರ ಬರ್ತದೆ. 1974ರದ್ದು ಅಂದರೆ ವಯಸ್ಸು ದಾಟಿದೆ. ಆದರೆ ಗಮನಿಸಿ, ವಿಎ ನಂಬರ್ ಮಾಡಿಸಿದರೆ ದಿನಾ ಪೇಟೆಗೆ ಕೊಂಡುಹೋಗುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಅಂಥದ್ದಕ್ಕೆ ಮಾತ್ರ. ಈಗಿನ ಆರ್‌ಸಿಯನ್ನೇ ಐದು ವರ್ಷಕ್ಕೊಮ್ಮೆ ನವೀಕರಿಸಿ ಓಡಿಸುವುದಾದರೆ ಈ ರಗಳೆ ಇಲ್ಲ. ಮಾರ್ಪಾಡು ಮಾಡುವವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಮ್ಮೆ ಓದಿಕೊಳ್ಳಿ. 2019ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ಆ ಸೆಕ್ಷನ್ನಿನ ಮೇಲೆ ತೀರ್ಪಾದದ್ದು ನಮ್ಮ ಕೇರಳದ್ದೇ ಪ್ರಕರಣ.

ಅಡಕೆ ಸಿಪ್ಪೆ
1955ರಲ್ಲಿ ಬುಲೆಟ್ ಮದ್ರಾಸಿಗೆ ಬಂತು. 1956ರ ನವೆಂಬರ್ 1ಕ್ಕೆ ನಾವು ಮದ್ರಾಸಿನಿಂದ ಹೊರಗೆ ಬಿದ್ದು ಕೇರಳಕ್ಕೆ ಸೇರಿದೆವು. ಒಂದೇ ವರ್ಷ ಒಟ್ಟಿಗೆ ಇದ್ದದ್ದು, ಆದರೂ ಈ ಸಂಬಂಧ ಬಿಡುದಿಲ್ಲ ನೋಡಿ.

ಸೊಲ್ಲಾಪುರ ಬಿಎಸ್‌ಎ
ನಿಮ್ಮದು ಒಂದ ವರ್ಷ, ನಮ್ಮದು ಮುಂಬೈ ರಾಜ್ಯದಾಗಿಂದ ಮಹಾರಾಷ್ಟ್ರದಾಗ ಉಳದದ್ದು. ಆ ವಿಷಯ ತಗದ್ರ ಗೇರ್‌ಬಾಕ್ಸ್ ಮರತು ಬಿಡ್ತೀವಿ, ಬ್ಯಾಡ ಬಿಡ್ರಿ.

ಪೆರ್ಲ ತಿರುವು
ಸುದ್ದಿ ಉಂಟು! ನಿನ್ನೆ ಸಂಜೆ ಲೇತ್ ಅಣ್ಣ ಹೇಳಿದ ಮುಚ್ಚಳ ಬಿಚ್ಚಿದೆ. ಪ್ಲೇಟಿನ ಒಂದು ಬೋಲ್ಟ್ ಬೆರಳಿನಲ್ಲೇ ತಿರುಗಿತು, ವೈಸರ್ ಇಲ್ಲವೇ ಇಲ್ಲ. ಪ್ಲೇಟ್ ಜಾರಿ ತೂತಿನ ಒಂದು ಕೊನೆಗೆ ತಾಗಿ ನಿಂತಿತ್ತು. ಅದು ಮೊದಲು ಇದ್ದ ಜಾಗದಲ್ಲಿ ಕಬ್ಬಿಣ ಹೊಳೀತಿತ್ತು, ಸುತ್ತ ಕಪ್ಪು. ಹಾಗಾಗಿ ಎಷ್ಟು ಸರಿದಿದೆ ಅಂತ ಕಣ್ಣಿಗೇ ಕಂಡಿತು, ಹೆಚ್ಚು ಕಡಿಮೆ ಒಂದು ಅಕ್ಕಿಕಾಳಿನಷ್ಟು. ಎರಡೂ ಕಡೆ ಲಿವರ್ ಸಮ ಆಡುವ ಹಾಗೆ ಇಟ್ಟು ಬಿಗಿ ಮಾಡಿದೆ.

ಎರಡು ಮೂರರ ಮಧ್ಯದ ಸುಳ್ಳು ನ್ಯೂಟ್ರಲ್ ಪೂರ್ತಿ ಹೋಯಿತು! ಬದಿಯಡ್ಕಕ್ಕೆ ಮೂರು ಸಲ ಹೋಗಿ ಬಂದೆ. ಮೂರು ಸಲವೂ ಹಾರಲಿಲ್ಲ. ಇವತ್ತು ಬೆಳಗ್ಗೆ ದೊಡ್ಡಪ್ಪನನ್ನು ಹಿಂದೆ ಕೂರಿಸಿ ಹೋದೆ, ಅದೇ ಚಡಾವಿನಲ್ಲಿ ಟಕ್. ದೊಡ್ಡಪ್ಪ ಹಿಂದಿನಿಂದ "ನಾನು ಹೇಳಿದೆ" ಅಂದರು. ಎಂಥ ಹೇಳಿದ್ದು ಅಂತ ಇನ್ನೂ ಗೊತ್ತಾಗಲಿಲ್ಲ.

ಲೇತ್ ಮನೆ
ಒಬ್ಬನೇ ಇದ್ದಾಗ ನಿಂತು, ಇಬ್ಬರ ಭಾರಕ್ಕೆ ಹಾರಿತು ಅಂದರೆ ಇನ್ನು ಹಲ್ಲಿನ ಮೂಲೆ ನೋಡಲೇಬೇಕು. ಮೂರನೇ ಗೇರಿನ ಪಕ್ಕದಲ್ಲಿ ಕಚ್ಚುವ ದಪ್ಪ ಹಲ್ಲುಗಳಿರ್ತವೆ, ನಾವು ಡಾಗ್ ಅನ್ನುವುದು. ವರ್ಷಗಟ್ಟಲೆ ಅರ್ಧ ಕಚ್ಚಿ ಓಡಿದ್ದರೆ ಅದರ ಮೂಲೆ ಸವೆದು ಉರುಟಾಗಿರ್ತದೆ. ಭಾರ ಬಿದ್ದಾಗ ಆ ಉರುಟು ಮೂಲೆಯೇ ಗೇರನ್ನು ಹೊರಗೆ ದೂಡುವುದು. ಪ್ಲೇಟ್ ಜಾರಿದ್ದು ಮೂಲ, ಹಲ್ಲು ಹೋದದ್ದು ಅದರ ಫಲ.

ಬಾಕ್ಸನ್ನು ಇಂಜಿನ್ನಿನಿಂದ ಇಳಿಸುವುದು ಬೇಡ. ಬಲಬದಿಯಿಂದ ಕವರ್ ತೆಗೆದರೆ ಒಳಗಿನದ್ದು ಎಳೆಯಬಹುದು. ಮೈನ್ ಶಾಫ್ಟ್ ಹೊರಗೆ ಬರಬೇಕಾದರೆ ಮಾತ್ರ ಎಡಬದಿಯಲ್ಲಿ ಕ್ಲಚ್ ಬಿಚ್ಚಬೇಕು. ಕ್ಲಚ್ ತೆಗೆಯಲಿಕ್ಕೆ ಪುಲ್ಲರ್ ಬೇಕು, ಅದನ್ನು ಶಾಫ್ಟಿನಿಂದ ಎಳೆದು ತೆಗೆಯುವ ಸಾಧನ. ಎರಡು ಸ್ಕ್ರೂ ಡ್ರೈವರ್ ಹಾಕಿ ಮೀಟಬೇಡ, ಸುತ್ತಿಗೆಯಂತೂ ಮುಟ್ಟಲೇಬೇಡ. ಪುಲ್ಲರ್ ನನ್ನ ಹತ್ತಿರ ಉಂಟು, ಉಪ್ಪಳಕ್ಕೆ ಬಂದರೆ ಕೊಡ್ತೇನೆ. ವಾಪಸ್ ತರಬೇಕು. ಹಿಂದೆ ಕೊಂಡುಹೋದ ಒಬ್ಬ ಮಹಾನುಭಾವ ಇನ್ನೂ ತರಲಿಲ್ಲ, ಇಲ್ಲಿ ಓದುತ್ತಾ ಇರಬಹುದು.

ಘಾಟಿ ಸವಾರ
ನಾನಲ್ಲ.

ಅಡಕೆ ಸಿಪ್ಪೆ
ಯಾರೂ ಕೇಳಲಿಲ್ಲವಲ್ಲ ಭಾವಾ 😂

ನೀರ್ಚಾಲಿನ ಸೊಸೆ
ಬಿಚ್ಚುವಾಗ ಪ್ರತಿ ಹೆಜ್ಜೆಗೂ ಫೋಟೋ ತೆಗೀರಿ. ನಾನು ಹಳೇ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಮಾನು ಜೋಡಿಸಿ ಇಟ್ಟಿದ್ದೆ. ಬೆಕ್ಕು ಬಂದು ಅದರ ಮೇಲೆ ಮಲಗಿತು.

ಹೊಸೂರು ಗುಜರಿ
ಹಳೇ ನಾಲ್ಕು ಗೇರಿನ ಸಾಮಾನು ಬೇಕಾದರೆ ಚೆನ್ನೈ ಪುದುಪೇಟೆಯಲ್ಲಿ ಹುಡುಕ್ತೀನಿ, ಮುಂದಿನ ವಾರ ಹೋಗೋದಿದೆ. ಒಂದು ಷರತ್ತು: ಗೇರುಗಳನ್ನ ಜೋಡಿಯಾಗೇ ತಗೊಳ್ಳಿ. ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ಹೊಸದನ್ನ ಹಳೇದು ತಿಂದು ಹಾಕುತ್ತೆ. ಹಲ್ಲು ಎಣಿಸಿ ಫೋಟೋ ಕಳಿಸಿ.

ಸೊಲ್ಲಾಪುರ ಬಿಎಸ್‌ಎ
ಮತ್ತ ಎಣ್ಣಿ ಯಾವದು ಹಾಕ್ತೀರಿ? ಯಾರೂ ಹೇಳವಲ್ರಿ.

ಘಾಟಿ ಸವಾರ
90 ನಂಬರ್ ಗೇರ್ ಎಣ್ಣೆ. ಇನ್ನೆಂಥ?

ಲೇತ್ ಮನೆ
ಅಲ್ಲಿಯೇ ತಪ್ಪು. ಡಬ್ಬದ ಮೇಲೆ ಜಿಎಲ್-5 ಅಂತ ಇದ್ದರೆ ಹಾಕಬೇಡಿ. ಅದು ಲಾರಿಯ ಡಿಫರೆನ್ಶಿಯಲ್ಲಿಗೆ ಮಾಡಿದ್ದು. ಅದರಲ್ಲಿರುವ ಗಂಧಕದ ಸಂಯುಕ್ತ ಉಕ್ಕಿನ ಹಲ್ಲಿಗೆ ಒಳ್ಳೆಯದು, ಕಂಚಿನ ಬುಷ್ಷನ್ನು ನಿಧಾನಕ್ಕೆ ತಿಂತದೆ. ನಮ್ಮ ಬಾಕ್ಸಿನೊಳಗೆ ಕಂಚೇ ಇರುವುದು. ಜಿಎಲ್-4 ಹಾಕಿ.

ಹೊಸೂರು ಗುಜರಿ
ನನ್ನ ಗುರುಗಳು ಗ್ರೀಸೇ ಹಾಕ್ತಿದ್ದರು. ತೆಳು ಗ್ರೀಸು, ಮೇಲಿಂದ ಸ್ವಲ್ಪ ಎಣ್ಣೆ. ಹಳೇ ಕಾಲದ ಪದ್ಧತಿನೇ ಅದು. ಸೋರಲ್ಲ.

ಲೇತ್ ಮನೆ
ಸೋರುದಿಲ್ಲ, ಒಪ್ಪುತ್ತೇನೆ. ಆದರೆ ಅಂಗಡಿಯಲ್ಲಿ ಗ್ರೀಸ್ ಕೇಳಿದರೆ ವೀಲ್ ಬೇರಿಂಗಿನ ಗಟ್ಟಿ ಗ್ರೀಸ್ ಕೊಡ್ತಾರೆ, ಜನ ಅದನ್ನೇ ತುಂಬಿಸ್ತಾರೆ. ಗೇರು ಅದರಲ್ಲಿ ಒಂದು ಗುಹೆ ಕೊರೆದುಕೊಂಡು ಒಣಗಿ ತಿರುಗುತ್ತದೆ. ಬುಷ್ಷಿನೊಳಗೆ ಒಂದು ಹನಿ ಹೋಗುದಿಲ್ಲ. ಈ ಊರಿನಲ್ಲಿ ನಾನು ಬಿಚ್ಚಿದ ಬಾಕ್ಸುಗಳಲ್ಲಿ ಅರ್ಧಕ್ಕರ್ಧ ಹಾಗೇ ಸತ್ತದ್ದು. ಗ್ರೀಸೇ ಹಾಕುವುದಾದರೆ ಹರಿಯುವಂಥದ್ದು, ಗಂಜಿಯ ಹಾಗೆ.

ಅಡಕೆ ಸಿಪ್ಪೆ
ಗಂಜಿ ಅಂದಾಗ ನೆನಪಾಯಿತು, ಹಳೇ ವಿಲಿಯರ್ಸ್ ಸೀಮೆಎಣ್ಣೆ ಪಂಪ್ ಯಾರ ಹತ್ತಿರವಾದರೂ ಉಂಟಾ? ಅದೂ ಬ್ರಿಟಿಷ್ ಹೆಸರೇ ಅಲ್ವಾ? ನಮ್ಮ ಅಜ್ಜ ತೋಟಕ್ಕೆ ನೀರು ಬಿಡಲಿಕ್ಕೆ ಅದನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸ್ತಿದ್ದರು. ಹಗ್ಗ ಎಳೆದು ಎಳೆದು ಅಜ್ಜನ ಬಲಗೈ ಎಡಗೈಗಿಂತ ದಪ್ಪ ಇತ್ತು.

ಮುಳ್ಳೇರಿಯ ಮೇಷ್ಟ್ರು
ವಿಲಿಯರ್ಸ್ ಬೈಕಿನ ಇಂಜಿನ್ನನ್ನೂ ಮಾಡುತ್ತಿತ್ತು. ಬ್ರಿಟನ್ನಿನ ಎಷ್ಟೋ ಸಣ್ಣ ಕಂಪನಿಗಳ ಬೈಕಿನಲ್ಲಿ ಅದರ ಎರಡು ಸ್ಟ್ರೋಕಿನ ಇಂಜಿನ್ನೇ ಇದ್ದದ್ದು. ಹಾಗಾಗಿ ನಿಮ್ಮ ಅಜ್ಜನ ಪಂಪೂ ಇಲ್ಲಿಗೆ ಸಂಬಂಧಪಟ್ಟದ್ದೇ.

ಸೊಲ್ಲಾಪುರ ಬಿಎಸ್‌ಎ
ಇಂಜಿನ್ ವಿಷಯ ಬಂತಲ್ರಿ, ನನ್ನದೊಂದು ಕೇಳ್ರಿ. ನಮ್ಮ ಎಂ20 ತಂಪಿದ್ದಾಗ ಎರಡ ಕಿಕ್ಕಿಗೆ ಹಿಡಿತೈತಿ. ಹತ್ತು ಕಿಲೋಮೀಟರ್ ಓಡಿ ಬಿಸಿ ಆಗಿ ನಿಂತ್ರ ಮುಗೀತು, ಒಂದು ತಾಸು ಹಿಡಿಯಂಗಿಲ್ಲ. ತಣ್ಣಗಾದ ಮ್ಯಾಲೆ ಮತ್ತ ರಾಜಾನಂಗ. ಪ್ಲಗ್ ಮೂರು ಬದಲಿಸೀನಿ, ಕಾರ್ಬ್ಯುರೇಟರ್ ನಾಲ್ಕು ಸಲ ತೊಳದೀನಿ. ನಮ್ಮ ಕಡೆ ಬ್ಯಾಸಗಿ ಅಂದ್ರ ಗೊತ್ತಲ್ರಿ.

ಲೇತ್ ಮನೆ
ಮ್ಯಾಗ್ನೆಟೋ, ಕಿಡಿ ಹುಟ್ಟಿಸುವ ಸಾಧನ. ಕಾರ್ಬ್ಯುರೇಟರನ್ನು ಇನ್ನು ತೊಳೆಯಬೇಡಿ, ಪಾಪ. ಲ್ಯೂಕಾಸ್ ಮ್ಯಾಗ್‌ಡೈನಮೋದ ಕಂಡೆನ್ಸರ್ ತಿರುಗುವ ಆರ್ಮೇಚರಿನ ಒಳಗೇ ಕೂತಿರ್ತದೆ. ಹಳೆಯದಾದ ಮೇಲೆ ಬಿಸಿಗೆ ಸೋರಲಿಕ್ಕೆ ಶುರುವಾಗ್ತದೆ, ಕಿಡಿ ಸಾಯ್ತದೆ. ತಣ್ಣಗಾದರೆ ಮತ್ತೆ ಜೀವ. ಹೊರಗಿನಿಂದ ಏನೂ ಮಾಡಲಿಕ್ಕಾಗುದಿಲ್ಲ. ಆರ್ಮೇಚರ್ ಹೊರಗೆ ತೆಗೆದು, ಹೊಸ ಕಂಡೆನ್ಸರ್ ಹಾಕಿ, ತಂತಿ ಮತ್ತೆ ಸುತ್ತಿಸಬೇಕು. ಅದಕ್ಕೂ ಮೊದಲು ಕಾರ್ಬನ್ ಬ್ರಷ್ಷನ್ನೂ ಸ್ಲಿಪ್ ರಿಂಗನ್ನೂ ಒಮ್ಮೆ ಒರೆಸಿ ನೋಡಿ, ಕೆಲವು ಸಲ ಅದೃಷ್ಟ ಉಂಟು.

ಸೊಲ್ಲಾಪುರ ಬಿಎಸ್‌ಎ
ಮುತ್ಯಾ ಇದ್ದಾಗ ಹಸಿ ಅರಿಬಿ ಸುತ್ತಿ ಓಡಸ್ತಿದ್ರು. ನಾವು ಹುಚ್ಚು ಅಂತ ನಕ್ಕಿದ್ವಿ. ಈಗ ತಿಳೀತು ನೋಡ್ರಿ.

ಹೊಸೂರು ಗುಜರಿ
ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಈಗ ಬಂಕ್‌ನಲ್ಲಿ ಸಿಗೋದು ಶೇಕಡ 20 ಎಥನಾಲ್ ಬೆರೆತದ್ದು. ಅದು ಗಾಳಿಯ ತೇವ ಹೀರುತ್ತೆ, ಹಳೇ ರಬ್ಬರ್ ಪೈಪು ಉಬ್ಬುತ್ತೆ, ಟ್ಯಾಂಕಿನೊಳಗೆ ಹಳೇ ಲೇಪ ಇದ್ದರೆ ಎದ್ದು ಬರುತ್ತೆ. ನಿಮ್ಮ ಕಡೆ ಜೂನ್ ಮಳೆಯಲ್ಲಿ ಗಾಡಿ ನಿಲ್ಲಿಸೋದಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಇಂಜಿನ್ ತಾನಾಗೇ ನಿಲ್ಲೋವರೆಗೆ ಓಡಿಸಿ. ಕಾರ್ಬ್ಯುರೇಟರ್ ಖಾಲಿ ಇರಲಿ.

ನೀರ್ಚಾಲಿನ ಸೊಸೆ
ಇದು ನೂರಕ್ಕೆ ನೂರು. ಕಳೆದ ಮಳೆಗಾಲ ಮುಗಿದು ಬೌಲ್ ಬಿಚ್ಚಿದಾಗ ಅಡಿಯಲ್ಲಿ ಹಸಿರು ಪಾಚಿಯ ಹಾಗೆ ಇತ್ತು.

ಪೆರ್ಲ ತಿರುವು
ಎರಡನೇ ಕಂತು. ಉಪ್ಪಳದಿಂದ ಪುಲ್ಲರ್ ತಂದೆ. ಲೇತ್ ಅಣ್ಣ ಚಹಾ ಕೊಟ್ಟು, ಪುಲ್ಲರಿಗೆ ನನ್ನ ಸಹಿ ಹಾಕಿಸಿಕೊಂಡರು. ಭಾನುವಾರ ಬಿಚ್ಚಿದೆ. ಒಳಗೆ ಅಣ್ಣ ಹೇಳಿದ ಗುಹೆಯೇ: ಕಪ್ಪು ಗ್ರೀಸ್ ಗೋಡೆಗೆ ಅಂಟಿಕೊಂಡಿದೆ, ನಡುವೆ ಗೇರಿನ ಆಕಾರದ ಖಾಲಿ ಜಾಗ. ಬೆರಳಿನಲ್ಲಿ ತೆಗೆದು ಬಿಸಿಲಿಗೆ ಹಿಡಿದರೆ ಚಿನ್ನದ ಪುಡಿಯ ಹಾಗೆ ಮಿನುಗ್ತದೆ. ಅದು ಬುಷ್ಷಿನ ಕಂಚು.

ಮೂರನೇ ಗೇರಿನ ಡಾಗ್ ಹಲ್ಲುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ನೋಡಿದೆ. ಹಿಂದಿನ ಮೂಲೆ ಚೂಪಾಗಿಯೇ ಇದೆ. ಮುಂದಿನ ಮೂಲೆ ಮಾತ್ರ ಚೀಪಿ ಬಿಟ್ಟ ಪೆಪ್ಪರ್‌ಮಿಂಟಿನ ಹಾಗೆ. ಎಕ್ಸಿಲೇಟರ್ ಕೊಟ್ಟಾಗ ಮಾತ್ರ ಯಾಕೆ ಹಾರುತ್ತಿತ್ತು ಅಂತ ಆಗ ಅರ್ಥ ಆಯಿತು. ಲೇ ಶಾಫ್ಟನ್ನು ಬುಷ್ಷಿನಲ್ಲಿ ಹಾಕಿ ಅಲ್ಲಾಡಿಸಿದರೆ ಸಡಿಲ ಹಲ್ಲು ಅಲ್ಲಾಡುವ ಹಾಗೆ ಆಡ್ತದೆ, ತೂತು ಮೊಟ್ಟೆಯ ಆಕಾರ ಆಗಿದೆ. ಫೋಟೋ ಹೊಸೂರು ಅಣ್ಣನಿಗೆ ಕಳಿಸಿದ್ದೇನೆ.

ಲೇತ್ ಮನೆ
ಬುಷ್ ನಾನು ಮಾಡಿಕೊಡ್ತೇನೆ, ಫಾಸ್ಫರ್ ಬ್ರಾಂಜಿನದ್ದು. ಒತ್ತಿ ಕೂರಿಸಿದ ಮೇಲೆ ಒಳಗಿನ ತೂತು ಸ್ವಲ್ಪ ಕುಗ್ಗುತ್ತದೆ. ಹಾಗಾಗಿ ಕೂರಿಸಿದ ಮೇಲೆಯೇ ರೀಮರ್ ಹೊಡೆದು ತೂತನ್ನು ಅಳತೆಗೆ ತರಬೇಕು, ಮೊದಲೇ ಅಲ್ಲ. ಎರಡು ಥೌ (ಇಂಚಿನ ಸಾವಿರದಲ್ಲಿ ಎರಡು ಪಾಲು) ಸಡಿಲ ಸಾಕು. ಶಾಫ್ಟನ್ನೂ ತಾ. ಬುಷ್ ಮಾತ್ರ ಕಳಿಸಿ "ಅಂದಾಜಿಗೆ ಮಾಡಿ" ಅನ್ನುವವರನ್ನು ನಾನು ಬಾಗಿಲಿನಿಂದಲೇ ಕಳಿಸುವುದು.

ಇನ್ನೊಂದು. ಹೇಗೂ ಎಡಬದಿ ಬಿಚ್ಚಿದ್ದೀಯಲ್ಲ, ಪ್ರೈಮರಿ ಚೈನ್ (ಇಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಚೈನ್) ನೋಡು. ಎಂ20ಯಲ್ಲಿ ಚೈನ್ ಬಿಗಿ ಮಾಡಲಿಕ್ಕೆ ಗೇರ್‌ಬಾಕ್ಸನ್ನೇ ಸರಿಸಬೇಕು. ಬುಲೆಟ್ಟಿನಲ್ಲಿ ಬಾಕ್ಸ್ ಇಂಜಿನ್ನಿಗೆ ಬೋಲ್ಟ್ ಆಗಿರ್ತದೆ, ಹಾಗಾಗಿ ಚೈನಿನ ಅಡಿಯ ಟೆನ್ಶನರನ್ನು ಹೊಂದಿಸುವುದು. ಮೇಲಿನ ಎಳೆ ಮಧ್ಯದಲ್ಲಿ ಕಾಲು ಇಂಚು ಆಡಬೇಕು. ವೀಣೆಯ ತಂತಿಯ ಹಾಗೆ ಬಿಗಿದರೆ ಹೊಸ ಬುಷ್ಷೂ ಒಂದೇ ಮಳೆಗಾಲ.

ಮುಳ್ಳೇರಿಯ ಮೇಷ್ಟ್ರು
ಹಾಗೇ ಉತ್ಸಾಹದಲ್ಲಿ ಬಲಬದಿಯ ಟೈಮಿಂಗ್ ಕವರನ್ನೂ ಬಿಚ್ಚಬೇಡಿ. ಬಿಚ್ಚಿದರೆ ಕ್ರ್ಯಾಂಕಿಗೆ ಎಣ್ಣೆ ಹೋಗುವ ಜಾಗದ ಕಾರ್ಕ್ ಸೀಲ್ ಹೊಸದು ಹಾಕಲೇಬೇಕು. ನನ್ನ ಗೆಳೆಯರೊಬ್ಬರು ಹಳೆಯದನ್ನೇ ಇಟ್ಟು ಮುಚ್ಚಿದರು. ಎಣ್ಣೆ ಅಡ್ಡದಾರಿ ಹಿಡಿಯಿತು, ಬಿಗ್ ಎಂಡ್ ಬುಷ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯದ್ದು) ಒಣಗಿ ಹೋಯಿತು. ಒಂದು ಬಿರಡೆಯ ಚೂರಿಗೆ ಇಡೀ ಕ್ರ್ಯಾಂಕ್ ಬಿಚ್ಚಬೇಕಾಯಿತು.

ಘಾಟಿ ಸವಾರ
ಒಂದು ವಿಷಯ ಒಪ್ಪಿಕೊಳ್ತೇನೆ. ನನ್ನ ಹಳೇ ನಾಲ್ಕು ಗೇರಿನ ಬಾಕ್ಸ್ ಅಟ್ಟದಲ್ಲಿ ಉಂಟು. ಇದನ್ನೆಲ್ಲ ಓದಿ ನಿನ್ನೆ ರಾತ್ರಿ ಇಳಿಸಿ ಆ ಸಣ್ಣ ಮುಚ್ಚಳ ಬಿಚ್ಚಿದೆ. ಪ್ಲೇಟ್ ಜಾರಿದೆ. ನನ್ನ ಹೆಂಡತಿಗೆ ಯಾರೂ ಹೇಳಬೇಡಿ, ಐದು ಗೇರಿಗೆ ಎಷ್ಟು ಕೊಟ್ಟೆ ಅಂತ ಅವಳಿಗೆ ಸರಿಯಾಗಿ ನೆನಪುಂಟು.

ಅಡಕೆ ಸಿಪ್ಪೆ
ಭಾವಾ, ಆ ಬಾಕ್ಸ್ ಕೊಡುದಾದರೆ ಎಷ್ಟು?

ಘಾಟಿ ಸವಾರ
ಕೊಡುದಿಲ್ಲ.

ಹೊಸೂರು ಗುಜರಿ
ಪೆರ್ಲದ ತಮ್ಮಾ, ಸಿಕ್ಕಿತು. ಪುದುಪೇಟೆಯಲ್ಲಿ ಮೂರನೇ ಗೇರಿನ ಜೋಡಿ, ಬಳಸಿದ್ದೇ, ಆದರೆ ಡಾಗ್ ಮೂಲೆ ಉಗುರಿಗೆ ಚುಚ್ಚುತ್ತೆ. ಹಲ್ಲು ಎಣಿಸಿದೆ, ನಿಮ್ಮದಕ್ಕೆ ಸರಿ. ಬಸ್ಸಿಗೆ ಹಾಕ್ತೀನಿ, ಮಂಗಳೂರಿನಲ್ಲಿ ಇಳಿಸಿಕೊಳ್ಳಿ.

ಪೆರ್ಲ ತಿರುವು
ಮೂರನೇ ಕಂತು, ಹನ್ನೆರಡು ದಿನ ಆದ ಮೇಲೆ. ಎಲ್ಲ ಕೂರಿಸಿ ಆಯಿತು. ಹೊಸ ಬುಷ್, ಹೊಸೂರು ಅಣ್ಣನ ಗೇರು, ಜಿಎಲ್-4 ಎಣ್ಣೆ, ಚೈನಿಗೆ ಕಾಲು ಇಂಚು. ಜೋಡಿಸುವಾಗ ಒಂದು ತೆಳು ವೈಸರ್ ಉಳಿದು ಎದೆ ಧಸಕ್ಕೆಂದಿತು. ಫೋಟೋ ನೋಡಿ ಮತ್ತೆ ಬಿಚ್ಚಿ ಅದರ ಜಾಗಕ್ಕೆ ಹಾಕಿದೆ. ಸೊಸೆ ಅಕ್ಕನಿಗೆ ದೊಡ್ಡ ನಮಸ್ಕಾರ.

ಇವತ್ತು ದೊಡ್ಡಪ್ಪನನ್ನು ಹಿಂದೆ ಕೂರಿಸಿ, ಇಬ್ಬರ ಮಧ್ಯೆ ಐವತ್ತು ತೆಂಗಿನಕಾಯಿಯ ಗೋಣಿಯ ಬದಲು ಹತ್ತರ ಚೀಲ ಇಟ್ಟು (ದೊಡ್ಡಪ್ಪ ಐವತ್ತೇ ಅಂದಿದ್ದರು) ಅದೇ ಚಡಾವು ಹತ್ತಿದೆ. ಮೂರರಲ್ಲಿ. ಕೆಳಗಿನಿಂದ ಮೇಲಿನವರೆಗೆ ಕಾಲು ಲಿವರಿನ ಮೇಲೆಯೇ ಇತ್ತು, ಒತ್ತಿ ಹಿಡಿಯುವ ಅಭ್ಯಾಸ ಆಗಿಹೋಗಿದೆಯಲ್ಲ. ದೊಡ್ಡಪ್ಪ ಹಿಂದಿನಿಂದ ಮಂಡಿಗೆ ತಟ್ಟಿ "ಕಾಲು ತೆಗಿ" ಅಂದರು. ತೆಗೆದೆ. ಹಾರಲಿಲ್ಲ.

ಎಣ್ಣೆ ಮಾತ್ರ ಸೋರ್ತಾ ಉಂಟು, ಗ್ರೀಸ್ ಇದ್ದಾಗಿಗಿಂತ ಜಾಸ್ತಿ. ದೊಡ್ಡಪ್ಪ ಗಾಡಿಯ ಅಡಿಗೆ ಒಂದು ಅಡಕೆ ಹಾಳೆ ಇಟ್ಟಿದ್ದಾರೆ. ಬೆಳಗ್ಗೆ ಎದ್ದು ಎಷ್ಟು ಹನಿ ಬಿದ್ದಿದೆ ಅಂತ ನೋಡಿ ನನಗೆ ವರದಿ ಕೊಡ್ತಾರೆ. ಇವತ್ತು ಏಳು.

ಲೇತ್ ಮನೆ
ಏಳು ಪರವಾಗಿಲ್ಲ. ಹನಿ ಬೀಳುವುದು ನಿಂತರೆ ಒಳಗೆ ಎಣ್ಣೆ ಉಂಟಾ ನೋಡು. ಪುಲ್ಲರ್ ಯಾವಾಗ ತರ್ತೀಯಾ?

ಪೆರ್ಲ ತಿರುವು
ನಾಳೆ ತರ್ತೇನೆ ಅಣ್ಣಾ. ಬುಲೆಟ್ಟಿನಲ್ಲೇ.

ಘಾಟಿ ಸವಾರ
ಲೇತ್ ಅಣ್ಣಾ, ಅವ ತಂದ ಮೇಲೆ ಅದು ನನಗೆ ಎರಡು ದಿನಕ್ಕೆ ಸಿಗಬಹುದಾ?

ಲೇತ್ ಮನೆ
ಹಿಂದಿನ ಸಲದ ಪುಲ್ಲರನ್ನು ಮೊದಲು ತನ್ನಿ.